ಚಿತ್ರದೊಳಗಿನ ಮಕ್ಕಳ ಕೈಗಳು

ಕೇಳುಗರಿಗೆ ನಮಸ್ಕಾರ.

ಬಣ್ಣದ ಚಿತ್ರವೊಂದನ್ನು ನಿಮ್ಮೆದುರು ಇಡಲು ಬಾನುಲಿಯಲ್ಲಿ ನನಗಿರುವುದು ಮಾತೊಂದೇ. ಬ್ರಿಟಿಷರ ವಸಾಹತುಗಳಾಗಿದ್ದ ಕಾಲದ ಅಮೆರಿಕದಲ್ಲಿ ಸಿರಿವಂತರು ಬರೆಸಿಕೊಂಡ ತಮ್ಮ ಮಕ್ಕಳ ಕೆಲವು ಭಾವಚಿತ್ರಗಳ ಬಗ್ಗೆ ಇಂದು ಮಾತನಾಡಲಿದ್ದೇನೆ. ಆ ಮಕ್ಕಳ ಕೈಯಲ್ಲಿ ಏನಿದೆ ಎಂಬುದರ ಕಡೆಗೆ ಮಾತ್ರ ಗಮನ ಕೊಡಿ ಎಂದು ನಿಮ್ಮನ್ನು ಕೋರುತ್ತೇನೆ.

1670ರಲ್ಲಿ ಬಾಸ್ಟನ್ನಿನ ವರ್ತಕ ರಾಬರ್ಟ್ ಗಿಬ್ಸ್ ತನ್ನ ಮೂವರು ಮಕ್ಕಳ ಚಿತ್ರಗಳನ್ನು ಬರೆಸಿದ. ಬರೆದವನ ಹೆಸರು ಉಳಿದಿಲ್ಲ. ಬರೆಸಿದ ಮನೆತನಗಳ ಹೆಸರಿನಿಂದಲೇ ಅವನನ್ನು ಫ್ರೀಕ್-ಗಿಬ್ಸ್ ಚಿತ್ರಕಾರ ಎಂದು ಕರೆಯುತ್ತಾರೆ. ಏಳು ವರ್ಷದ ಮಾರ್ಗರೆಟ್ ಕೈಯಲ್ಲಿ ಬೀಸಣಿಗೆಯಿದೆ. ಅವಳ ತೋಳಿನ ಬಟ್ಟೆಯಲ್ಲಿ ಒಳಗಿನ ಬಿಳುಪು ಕಾಣುವಂತೆ ಒಂದೇ ಒಂದು ಸೀಳು ಬಿಟ್ಟಿದ್ದಾರೆ. ಆಡಂಬರದ ಉಡುಪನ್ನು ತಡೆಯಲೆಂದು ಮ್ಯಾಸಚೂಸೆಟ್ಸ್ ವಸಾಹತು 1634ರಲ್ಲಿ ಮಾಡಿದ ಕಾನೂನು ಪ್ರತಿ ತೋಳಿಗೆ ಒಂದು ಸೀಳನ್ನಷ್ಟೇ ಒಪ್ಪಿತ್ತು. 1651ರ ಇನ್ನೊಂದು ಕಾನೂನಿನಂತೆ, 200 ಪೌಂಡಿಗಿಂತ ಕಡಿಮೆ ಆಸ್ತಿಯಿದ್ದವರು ಚಿನ್ನ ಬೆಳ್ಳಿಯ ಕಸೂತಿ ಪಟ್ಟಿಗಳನ್ನು ತೊಡುವಂತಿರಲಿಲ್ಲ. ಆ ವಸಾಹತನ್ನು ಕಟ್ಟಿದ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರಾದ ಪ್ಯೂರಿಟನ್ನರೆಲ್ಲರೂ ಕಪ್ಪು ಬಟ್ಟೆಯ ವಿರಕ್ತರಾಗಿದ್ದರು ಎಂಬ ನಮ್ಮ ಕಲ್ಪನೆಯನ್ನು ಈ ಹುಡುಗಿಯ ಲೇಸು ಮತ್ತು ರಿಬ್ಬನ್ನುಗಳೇ ಅಲ್ಲಗಳೆಯುತ್ತವೆ. ಅವಳ ತಮ್ಮ ರಾಬರ್ಟನಿಗೆ ನಾಲ್ಕೂವರೆ ವರ್ಷ. ಗಂಡುಮಕ್ಕಳು ಆರೇಳು ವರ್ಷದವರೆಗೆ ಲಂಗವನ್ನೇ ತೊಡುವುದು ಆಗಿನ ವಾಡಿಕೆಯಾದ್ದರಿಂದ ಅವನ ಉಡುಪೂ ಲಂಗವೇ. ಆದರೆ ಕೈಯಲ್ಲಿ ಹಿಡಿದಿರುವುದು ದೊಡ್ಡ ಮನುಷ್ಯರ ಕೈಗವಸು. ಅವನು ಮುಂದೆ ಏನಾಗಬೇಕೆಂದು ಮನೆಯವರು ಬಯಸಿದ್ದರು ಎಂಬುದನ್ನು ಆ ಕೈಗವಸು ಹೇಳುತ್ತದೆ.

ಅದೇ ಚಿತ್ರಕಾರ ಎಲಿಜಬೆತ್ ಫ್ರೀಕ್ ಎಂಬ ಗೃಹಿಣಿಯ ಚಿತ್ರವನ್ನು 1671ರ ಸುಮಾರಿಗೆ ಬರೆದಿದ್ದ. 1674ರಲ್ಲಿ ಅವಳ ಮಗಳು ಮೇರಿ ಹುಟ್ಟಿದಾಗ ಹೊಸ ಚಿತ್ರ ಬರೆಸಲಿಲ್ಲ, ಹಳೆಯ ಚಿತ್ರದಲ್ಲಿಯೇ ಕೂಸನ್ನು ಸೇರಿಸಿದರು. ತಾಯಿಯ ಕೈಗಳು ಮೊದಲು ಮಡಿಲಲ್ಲಿ ಬೀಸಣಿಗೆ ಹಿಡಿದಿದ್ದವೆಂದು ಎಕ್ಸ್‌ರೇ ಪರೀಕ್ಷೆಯಿಂದ ತಿಳಿದುಬಂದಿದೆ. ಬೀಸಣಿಗೆಯಿದ್ದ ಕೈ ಆರು ತಿಂಗಳ ಮಗುವನ್ನು ಎತ್ತಿ ಹಿಡಿದ ಈ ತಿದ್ದುಪಡಿಯಷ್ಟು ನನ್ನ ಮನಸ್ಸನ್ನು ಮುಟ್ಟಿದ ಸಂಗತಿ ಆ ಶತಮಾನದ ಚಿತ್ರಗಳಲ್ಲಿ ಬೇರೊಂದಿಲ್ಲ.

ದಕ್ಷಿಣಕ್ಕೆ, ಮೇರಿಲ್ಯಾಂಡಿಗೆ ಬಂದರೆ ನೋಟ ಕಠಿಣವಾಗುತ್ತದೆ. ಜರ್ಮನಿಯಿಂದ ಬಂದು ಅನಾಪೊಲಿಸ್‌ನಲ್ಲಿ ನೆಲೆಸಿದ್ದ ಜಸ್ಟಸ್ ಎಂಗಲ್‌ಹಾರ್ಟ್ ಕ್ಯೂನ್ 1710ರ ಸುಮಾರಿಗೆ ಬಾಲಕ ಹೆನ್ರಿ ಡಾರ್ನಲ್‌ನನ್ನು ಚಿತ್ರಿಸಿದ. ಹುಡುಗನ ಕೈಯಲ್ಲಿ ಬಿಲ್ಲಿದೆ. ಬೆನ್ನ ಹಿಂದೆ ಹರಡಿರುವ ಭವನಗಳೂ ಉದ್ಯಾನಗಳೂ ಯೂರೋಪಿನ ಮಾದರಿಯ ಕಲ್ಪನೆಗಳೇ ಹೊರತು ಮೇರಿಲ್ಯಾಂಡಿನಲ್ಲಿ ಇದ್ದವಲ್ಲ. ಕಟಕಟೆಯ ಆಚೆ, ತುಸು ತಗ್ಗಿನಲ್ಲಿ, ಕೊರಳಿಗೆ ಲೋಹದ ಪಟ್ಟಿ ತೊಟ್ಟ ಕಪ್ಪು ಬಾಲಕನೊಬ್ಬ ಒಡೆಯ ಹೊಡೆದ ಹಕ್ಕಿಯನ್ನು ಹಿಡಿದು ಅವನ ಮುಖವನ್ನೇ ನೋಡುತ್ತಿದ್ದಾನೆ. ವಸಾಹತುಗಳ ಚಿತ್ರಕಲೆಯಲ್ಲಿ ಗುಲಾಮನಾಗಿದ್ದ ಆಫ್ರಿಕನ್ ವ್ಯಕ್ತಿಯೊಬ್ಬನು ಕಾಣಿಸಿಕೊಂಡ ಅತ್ಯಂತ ಹಳೆಯ ಚಿತ್ರಗಳಲ್ಲಿ ಇದೊಂದು. ಇಬ್ಬರೂ ಮಕ್ಕಳೇ. ಒಬ್ಬನಿಗೆ ವಂಶದ ಸಂಖ್ಯೆ ಸಮೇತ ಮೂರನೆಯ ಹೆನ್ರಿ ಎಂಬ ಹೆಸರಿದೆ, ಇನ್ನೊಬ್ಬನನ್ನು ಯಾವ ಹೆಸರಿನಿಂದಲೂ ಗುರುತಿಸಿಲ್ಲ.

ಉತ್ತರದ ಚಿತ್ರಗಳಲ್ಲಿ ಇಂಥ ಬಾಲಕ ಸಾಮಾನ್ಯವಾಗಿ ಕಾಣುವುದಿಲ್ಲವೆಂದು ನಾವು ಸಮಾಧಾನ ಪಡುವಂತಿಲ್ಲ. 1758ರ ಸುಮಾರಿಗೆ, ಇಪ್ಪತ್ತರ ಹರೆಯದ ಜಾನ್ ಸಿಂಗಲ್ಟನ್ ಕಾಪ್ಲಿ ಮೇರಿ ಮತ್ತು ಎಲಿಜಬೆತ್ ರಾಯಲ್ ಎಂಬ ಅಕ್ಕತಂಗಿಯರನ್ನು ಚಿತ್ರಿಸಿದ. ಮೇರಿಯ ಬೆರಳ ಮೇಲೆ ಝೇಂಕಾರದ ಪುಟ್ಟ ಹಕ್ಕಿಯೊಂದು ಕುಳಿತಿದೆ. ಪಕ್ಕದಲ್ಲಿ ಮುದ್ದಿನ ನಾಯಿಮರಿ. ರೇಷ್ಮೆಯ ಹೊಳಪನ್ನು ಕಾಪ್ಲಿಯಂತೆ ಬಣ್ಣದಲ್ಲಿ ತರಬಲ್ಲವರು ಆಗ ಅಲ್ಲಿ ಬೇರಾರೂ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ರೇಷ್ಮೆಯ ಹಣ ಬಂದದ್ದಾದರೂ ಕೆರಿಬಿಯನ್ ದ್ವೀಪವಾದ ಆಂಟಿಗುವಾದ ಕಬ್ಬಿನ ತೋಟಗಳಿಂದ, ಅಲ್ಲಿ ದುಡಿದ ಗುಲಾಮರ ಬೆವರಿನಿಂದ. ಮಕ್ಕಳ ತಂದೆ ಐಸಾಕ್ ರಾಯಲ್‌ನ ಮೆಡ್‌ಫರ್ಡ್ ಊರಿನ ಮನೆಯ ಪಕ್ಕದಲ್ಲಿ ಗುಲಾಮರು ವಾಸವಿದ್ದ ಕಟ್ಟಡವು ಇಂದಿಗೂ ನಿಂತಿದೆ.

ಆ ಮನೆಯಲ್ಲಿ ಸುಮಾರು ಐವತ್ತು ವರ್ಷ ದುಡಿದ ಬೆಲಿಂಡಾಳನ್ನು ಯಾರೂ ಚಿತ್ರಿಸಲಿಲ್ಲ. ವಸಾಹತುಗಳು ಬ್ರಿಟಿಷರ ವಿರುದ್ಧ ದಂಗೆಯೆದ್ದಾಗ ಬ್ರಿಟಿಷರ ಪಕ್ಷ ವಹಿಸಿದ್ದ ಐಸಾಕ್ 1775ರಲ್ಲಿ ಊರು ಬಿಟ್ಟು, 1781ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ. 1783ರಲ್ಲಿ ವೃದ್ಧೆ ಬೆಲಿಂಡಾ ತನಗೂ ಕಾಯಿಲೆಯ ಮಗಳಿಗೂ ಐಸಾಕ್‌ನ ಆಸ್ತಿಯಿಂದ ಜೀವನಾಂಶ ಕೊಡಿಸಬೇಕೆಂದು ಮ್ಯಾಸಚೂಸೆಟ್ಸ್ ಶಾಸನಸಭೆಗೆ ಮನವಿ ಸಲ್ಲಿಸಿದಳು. ಹೆಸರು ಬರೆಯಲು ಬಾರದ ಅವಳು ಅದರ ಕೆಳಗೆ ಗುರುತು ಹಾಕಿದಳು. ವರ್ಷಕ್ಕೆ 15 ಪೌಂಡು 12 ಶಿಲ್ಲಿಂಗು ಮಂಜೂರಾಯಿತು; ಆ ಹಣ ಸರಿಯಾಗಿ ಕೈಸೇರದೆ ಅವಳು ಮತ್ತೆ ಮತ್ತೆ ಅರ್ಜಿ ಹಾಕಬೇಕಾಯಿತು. ಆ ಮೊದಲ ಮನವಿಯಲ್ಲಿ ಅವಳ ಬಾಲ್ಯದ ಒಂದು ಚಿತ್ರವಿದೆ. ಆಫ್ರಿಕದ ವೋಲ್ಟಾ ನದಿಯ ಸೀಮೆಯಲ್ಲಿ, ಹನ್ನೆರಡು ತುಂಬದ ಹುಡುಗಿಯೊಬ್ಬಳು ದೇವರ ಬನದಲ್ಲಿ ಪ್ರಾರ್ಥನೆಗೆ ನಿಂತಿದ್ದಾಗ ಆಯುಧ ಹಿಡಿದವರು ಬಂದು ಅವಳನ್ನು ಎಳೆದೊಯ್ದರು. ಆಗ ಅವಳ ಒಂದು ಕೈ ತಾಯಿಯ ಕೈಯಲ್ಲಿತ್ತು, ಇನ್ನೊಂದು ತಂದೆಯ ಕೈಯಲ್ಲಿ.

ನಮಸ್ಕಾರ.