ವೆನಿಸ್ ಗೆಟ್ಟೋ: ಒಳಗಿದ್ದವರದ್ದೇ ಖರ್ಚು, ಒಳಗಿದ್ದವರಿಗೇ ಬೀಗ

ವಿಡಿಯೋದಲ್ಲಿ ಈ ಕಟ್ಟಡ ನೋಡಿ. ಕಿಟಕಿಗಳು ಎಷ್ಟು ಒತ್ತೊತ್ತಾಗಿವೆ ಅಲ್ವಾ? 1516ರಲ್ಲಿ ವೆನಿಸ್ ಸೆನೆಟ್, ಯೆಹೂದಿಗಳೆಲ್ಲ ಈ ಪುಟ್ಟ ದ್ವೀಪದಲ್ಲೇ ಇರಬೇಕು ಅಂತ ಆದೇಶ ಮಾಡಿತು. ಈ ಜಾಗವೇ ಗೆಟ್ಟೋ. ಸುತ್ತ ಕಾಲುವೆ, ಜಾಗ ಎಲ್ಲಿಂದ ಬರಬೇಕು? ಮೇಲಕ್ಕೆ ಕಟ್ಟುತ್ತಾ ಹೋದರು. ಸೂರು ತಗ್ಗಿಸಿ ಮಹಡಿ ಜಾಸ್ತಿ ಮಾಡಿಕೊಂಡರು.

ಕಾಫಿ ತೋರಿಸ್ತಿದ್ದೀನಿ ಅಂತ ಖುಷಿಪಡಬೇಡಿ. ಇಲ್ಲಿ ಕೌಂಟರ್ ಹತ್ತಿರ ನಿಂತು ಕುಡಿದರೆ ಒಂದು ರೇಟು, ಕುರ್ಚಿಯಲ್ಲಿ ಕೂತರೆ ಇನ್ನೊಂದು. ಕಪ್ ಅದೇ, ಕಾಫಿ ಅದೇ. ಅದೂ ಎಷ್ಟು? ಎರಡು ಗುಟುಕು! ಕುರ್ಚಿಗೆ ದುಡ್ಡು ಕೊಟ್ಟಿದ್ದೀನಿ ಅಂತ ನಾನೂ ಹಠಕ್ಕೆ ಬಿದ್ದು ಕೂತೇ ಇದ್ದೆ. ವೇಟರ್ ಬಂದು ಬಂದು ನೋಡಿಕೊಂಡು ಹೋದ. ಹೋಗಲಿ, ನೋಡಲಿ.

ಆದರೆ ಗೆಟ್ಟೋದಲ್ಲಿದ್ದವರ ಬಿಲ್ ಕೇಳಿ. ಮೊದಲಿದ್ದ ಬಾಡಿಗೆದಾರರನ್ನು ಎಬ್ಬಿಸಿ, ಯೆಹೂದಿಗಳಿಗೆ ಬಾಡಿಗೆಯನ್ನು ಮೂರನೇ ಒಂದು ಭಾಗ ಏರಿಸಿದರು. ಸ್ವಂತ ಮನೆ ಕೊಳ್ಳುವ ಹಾಗಿಲ್ಲ. ರಾತ್ರಿ ಬಾಗಿಲಿಗೆ ಬೀಗ, ಕ್ರೈಸ್ತ ಕಾವಲುಗಾರರು, ಕಾಲುವೆಯಲ್ಲಿ ಗಸ್ತಿನ ದೋಣಿ. ಅವರ ಸಂಬಳ? ಅದನ್ನೂ ಒಳಗಿದ್ದವರೇ ಕೊಡಬೇಕು!

ಸ್ಪೇನ್ 1492ರಲ್ಲಿ ಯೆಹೂದಿಗಳನ್ನು ಓಡಿಸೇ ಬಿಟ್ಟಿತ್ತು, ವೆನಿಸ್ ಜಾಗವನ್ನಾದರೂ ಕೊಟ್ಟಿತಲ್ಲ ಅಂತ ಹೇಳೋಣ ಅಂತಿದ್ದೆ. ಬೇಡ, ಹೇಳಲ್ಲ. ಪುಕ್ಕಟೆ ಉಪಕಾರ ಏನೂ ಇರಲಿಲ್ಲ. ಹಳೆ ಬಟ್ಟೆ ವ್ಯಾಪಾರ, ವೈದ್ಯ ವೃತ್ತಿ, ಗಿರವಿ ಅಂಗಡಿ, ಹೀಗೆ ಕೆಲವೇ ಕಸುಬು ಬಿಟ್ಟಿದ್ದರು. ಊರಿನ ಬಡವರಿಗೆ ಕಡಿಮೆ ಬಡ್ಡಿಗೆ ಸಾಲ ಕೊಡುವುದು ಇಲ್ಲಿ ಇರೋದಕ್ಕೆ ಷರತ್ತು. ಆಮೇಲೆ ಬಡ್ಡಿಯವರು ಅಂತ ಬೈಗುಳ ಬೇರೆ.

ಅಯ್ಯೋ, ವಿಡಿಯೋ ಮುಗೀತಾ ಬಂತು. ಮೇಲೆ ಸಾಲಾಗಿ ಐದು ಕಿಟಕಿ ಕಾಣ್ತಿದೆಯಲ್ಲ, ಅದು ಸಿನಗಾಗ್, ಯೆಹೂದಿಗಳ ಪ್ರಾರ್ಥನಾ ಮಂದಿರ. ಜರ್ಮನಿ ಕಡೆಯವರದ್ದು 1528ರದ್ದು. ಇಟಲಿಯವರಿಗೆ, ಸ್ಪೇನ್ ಕಡೆಯಿಂದ ಬಂದವರಿಗೆ, ತುರ್ಕಿಯ ಕಡೆಯವರಿಗೆ ಬೇರೆ ಬೇರೆ. ಇಷ್ಟೇ ಇಷ್ಟು ಜಾಗದಲ್ಲಿ ಒಟ್ಟು ಐದು ಸಿನಗಾಗ್! ಎಲ್ಲರನ್ನೂ ಒಂದೇ ಕಡೆ ತುಂಬಿದರೂ ಅವರವರ ಪದ್ಧತಿ ಬಿಡಲಿಲ್ಲ. ನನಗಿದು ತುಂಬಾ ಇಷ್ಟವಾಯಿತು.

1797ರಲ್ಲಿ ನೆಪೋಲಿಯನ್ ಸೈನ್ಯ ಬಂದ ಮೇಲೆ ಬಾಗಿಲುಗಳನ್ನು ಕಿತ್ತು ಸುಟ್ಟರು. ದುಡ್ಡಿದ್ದವರು ಬೇರೆ ಕಡೆ ಮನೆ ಮಾಡಿದರು, ಬಡವರು ಇಲ್ಲೇ ಉಳಿದರು. ನೀವು ಬರೋದಾದರೆ ಶನಿವಾರ ಬರಬೇಡಿ, ಇಲ್ಲಿನ ಯೆಹೂದಿ ಮ್ಯೂಸಿಯಂ ಮುಚ್ಚಿರುತ್ತದೆ.