ಎರಡಾಣೆಯ ಜಿಲ್ಲೆ

ಕೇಳುಗರಿಗೆ ನಮಸ್ಕಾರ.

38 ರೂಪಾಯಿ, 13 ಆಣೆ, 2 ಪೈ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ತೆರೆದ ನಿಧಿಯಲ್ಲಿ ಮೊದಲ ದಿನದ ಕೊನೆಗೆ ಇದ್ದ ಹಣ ಇಷ್ಟು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಅದೇ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟರಲ್ಲ, ನನಗೆ ಹಿಡಿಸುವುದು ಅದು. ಅದೇ ಜುಲೈಯಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಕಟ್ಟಿದ ಫಂಡ್ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ವಿಜಯಾ ಬ್ಯಾಂಕ್. ಅಂದಿನ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯ ಬೆಳೆ ಇದು.

ಸಿಂಡಿಕೇಟಿನ ಬಂಡವಾಳ 8000 ರೂಪಾಯಿ. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವವರ ಬಾಗಿಲಿಗೆ ಬ್ಯಾಂಕೇ ಹೋಗುವುದು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ನನ್ನ ಬಾಲ್ಯದಲ್ಲಿ ತಂದೆಯವರ ದಿನಸಿ ಅಂಗಡಿಗೆ ಪಿಗ್ಮಿಯವರು ಬರುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಕಂಕುಳಲ್ಲಿ ಚೀಲ, ಕಿವಿಯ ಮೇಲೆ ಪೆನ್ನು. ವ್ಯಾಪಾರ ಮಂಕಾದ ದಿನ ತಂದೆ ಗಲ್ಲಾಪೆಟ್ಟಿಗೆಗೆ ಕೈ ಹಾಕುವ ಮೊದಲೇ, "ಇರಲಿ ಅಣ್ಣ, ನಾಳೆ ನೋಡುವ" ಎಂದು ಹೊರಟುಬಿಡುತ್ತಿದ್ದರು. ಮುಖದಲ್ಲೇ ಲೆಕ್ಕ ಓದುವ ಮನುಷ್ಯ.

ಈ ಬ್ಯಾಂಕುಗಳನ್ನು ದಿಲ್ಲಿ ನುಂಗಿತು ಎಂದು ನಮ್ಮವರು ಮರುಗುತ್ತಾರೆ. ನಾನೂ ಮರುಗಿದ್ದೇನೆ. ಆದರೆ ನುಂಗುವುದನ್ನು ಇವು ಕೂಡ ಬಲ್ಲವು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿತು. ಠೇವಣಿದಾರರು ಬೆಚ್ಚಿದರು, ಬಡಕಲು ಬ್ಯಾಂಕುಗಳನ್ನು ಬಲ್ಲಿದ ಬ್ಯಾಂಕುಗಳೊಡನೆ ಕಡ್ಡಾಯವಾಗಿ ಸೇರಿಸುವ ದಾರಿಯನ್ನು ಕಾನೂನು ತೆರೆಯಿತು. ಆ ದಶಕದಲ್ಲಿ ಶೃಂಗೇರಿ ಶಾರದಾ ಬ್ಯಾಂಕ್, ಚಿತ್ರದುರ್ಗ ಬ್ಯಾಂಕ್, ಹುಬ್ಬಳ್ಳಿಯ ಬ್ಯಾಂಕ್ ಆಫ್ ಕರ್ನಾಟಕ ಮೂರೂ ಕರ್ಣಾಟಕ ಬ್ಯಾಂಕಿನೊಳಗೆ ಕರಗಿದವು. ವಿಜಯಾ ಬ್ಯಾಂಕ್ ಒಂದೇ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಒಳಗೆ ಹಾಕಿಕೊಂಡಿತು. ಚಿತ್ರದುರ್ಗದವರಿಗೂ ಅದು ಅವರ ಊರಿನ ಹೆಸರೇ ಆಗಿತ್ತಲ್ಲವೇ? ಆಗ ಕರಾವಳಿಯಲ್ಲಿ ಯಾರ ಕಣ್ಣೂ ಒದ್ದೆಯಾದಂತೆ ಕಾಣೆ.

ರಾಷ್ಟ್ರೀಕರಣ ಎರಡು ಸಲ ಬಂತು: 1969ರಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ. ಆಗ ಒಡೆಯ ಬದಲಾದ, ಫಲಕ ಉಳಿಯಿತು. ಫಲಕ ಇಳಿದದ್ದು ಈಚೆಗೆ. 2019ರ ಏಪ್ರಿಲ್ 1ರಂದು ಲಾಭದಲ್ಲಿದ್ದ ವಿಜಯಾ ಬ್ಯಾಂಕನ್ನು, ನಷ್ಟದಲ್ಲಿದ್ದ ದೇನಾ ಬ್ಯಾಂಕಿನ ಜೊತೆಗೆ, ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿಸಿದರು. ಈ ಒಂದನ್ನು ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಮರುವರ್ಷ ಅದೇ ದಿನ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಹೋಯಿತು, ಸಿಂಡಿಕೇಟ್ ಕೆನರಾಕ್ಕೆ. ಸಿಂಡಿಕೇಟಿನದು ಪಕ್ಕದ ಬೀದಿಯ ಸಂಬಂಧ. ಉಳಿದೆರಡು ಹೆಣ್ಣುಗಳು ದೂರಕ್ಕೆ ಹೋದವು. ಐದರಲ್ಲಿ ಖಾಸಗಿಯಾಗಿಯೇ ಉಳಿದದ್ದು ಕರ್ಣಾಟಕ ಬ್ಯಾಂಕ್ ಒಂದೇ.

ತಂದೆಯವರ ಅಂಗಡಿಯಲ್ಲಿ ಈಗ ನನ್ನ ತಮ್ಮ ಕೂರುತ್ತಾನೆ. ಸಂಜೆ ಬರುವ ಹುಡುಗಿ ಒಂದು ಸಹಕಾರಿ ಸಂಘದವಳು. ಕೈಯಲ್ಲಿ ಪುಟ್ಟ ಯಂತ್ರ, ಹಣ ಪಡೆದ ಕೂಡಲೇ ಚೀಟಿ ಹೊರಬರುತ್ತದೆ. ಅವಳ ಸ್ಕೂಟರಿನ ಸದ್ದು ಕೇಳಿದೊಡನೆ ಅವನು ಒಳಗಿನವರಿಗೆ ಕೂಗುತ್ತಾನೆ, "ಪಿಗ್ಮಿಯವರು ಬಂದರು, ಚಿಲ್ಲರೆ ತನ್ನಿ."

ನಮಸ್ಕಾರ.