ಹಿನ್ನೆಲೆಗೆ ಸರಿದ ಕೆಲಸ

ಕೇಳುಗರಿಗೆ ನಮಸ್ಕಾರ. ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರು ಶುಲ್ಕ ಜಮಾ ಮಾಡಿದ ಮೇಲೆ ರಸೀದಿ ಸಿದ್ಧವಾಗುವವರೆಗೆ ಪರದೆಯನ್ನೇ ನೋಡುತ್ತ ಕೂರುವುದುಂಟು. ಕಿಟಕಿಯ ಈಚೆ ನಿಂತ ವಿದ್ಯಾರ್ಥಿಗಳೂ ಅವರೊಡನೆ ಕಾಯಬೇಕು. ಹಣ ಜಮಾ ಆದದ್ದು ಆ ಕ್ಷಣವೇ ದಾಖಲಾಗಬೇಕು, ನಿಜ. ಆದರೆ ರಸೀದಿ ತಯಾರಿಸುವ ಕೆಲಸವನ್ನು ಹಿನ್ನೆಲೆಗೆ ಸರಿಸಬಹುದು.

ಮಾಹಿತಿಯನ್ನು ಕೂಡಿಡುವ ಡೇಟಾಬೇಸ್ ತಂತ್ರಾಂಶವಾದ, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ 2005ರ ಆವೃತ್ತಿಯಲ್ಲಿ ಸರ್ವಿಸ್ ಬ್ರೋಕರ್ ಎಂಬ ಸೌಲಭ್ಯವನ್ನು ಇದಕ್ಕಾಗಿಯೇ ಒದಗಿಸಿತು. ಇದರಲ್ಲಿ ಸಂದೇಶಗಳ ಕ್ಯೂ, ಎಂದರೆ ಸರದಿ ಸಾಲು, ಡೇಟಾಬೇಸಿನ ಒಳಗೇ ಇರುತ್ತದೆ. ಸಂದೇಶ ಬಂದೊಡನೆ, ನಾವು ಮೊದಲೇ ಸೂಚಿಸಿಟ್ಟ ಸ್ಟೋರ್ಡ್ ಪ್ರೊಸೀಜರ್, ಎಂದರೆ ಡೇಟಾಬೇಸಿನಲ್ಲೇ ಬರೆದಿಟ್ಟ ಆದೇಶಗಳ ಕಟ್ಟು, ತಾನಾಗಿ ಎಚ್ಚೆತ್ತು ಕೆಲಸಕ್ಕೆ ಇಳಿಯುತ್ತದೆ. ಕ್ಯೂ ಒಳಗಿರುವುದರ ನಿಜವಾದ ಲಾಭ ವೇಗವಲ್ಲ. ಶುಲ್ಕದ ದಾಖಲೆ ಮತ್ತು ‘ರಸೀದಿ ಮಾಡು’ ಎಂಬ ಸಂದೇಶ ಎರಡೂ ಒಂದೇ ಟ್ರಾನ್ಸಾಕ್ಷನ್‌ಗೆ, ಎಂದರೆ ಪೂರ್ತಿ ಆಗುವ ಇಲ್ಲವೇ ಏನೂ ಆಗದ ಕೆಲಸಗಳ ಒಂದು ಕಟ್ಟಿಗೆ, ಸೇರುವುದರಿಂದ, ಅದು ಕಮಿಟ್ ಆದರೆ, ಎಂದರೆ ಖಾಯಂ ಆದರೆ, ಎರಡೂ ಉಳಿಯುತ್ತವೆ, ರೋಲ್‌ಬ್ಯಾಕ್ ಆದರೆ, ಎಂದರೆ ರದ್ದಾದರೆ, ಎರಡೂ ಅಳಿಯುತ್ತವೆ. ನಡುವೆ ವಿದ್ಯುತ್ ಹೋಗಿ ಸರ್ವರ್ ನಿಂತರೂ, ಅದು ಮತ್ತೆ ಶುರುವಾದಾಗ ಕಮಿಟ್ ಆದ ಸಂದೇಶ ಅಲ್ಲಿಯೇ ಇರುತ್ತದೆ.

ಆದರೆ ಇದೇ ಗುಣ ಒಮ್ಮೊಮ್ಮೆ ಪೇಚಿಗೂ ಸಿಕ್ಕಿಸುತ್ತದೆ. ಪ್ರೊಸೀಜರ್ ಸಂದೇಶವನ್ನು ಎತ್ತಿಕೊಳ್ಳುವುದೂ ಟ್ರಾನ್ಸಾಕ್ಷನ್ ಒಳಗೇ ಆದ್ದರಿಂದ, ಕೆಲಸ ಕೆಟ್ಟು ರೋಲ್‌ಬ್ಯಾಕ್ ಆದರೆ ಸಂದೇಶ ಕ್ಯೂಗೆ ಮರಳುತ್ತದೆ, ಮತ್ತೆ ಕೈಗೆ ಬರುತ್ತದೆ, ಮತ್ತೆ ಕೆಡುತ್ತದೆ. ಹೀಗೆ ಸತತ 5 ಬಾರಿ ಆದರೆ ಸರ್ವಿಸ್ ಬ್ರೋಕರ್ ಆ ಕ್ಯೂವನ್ನೇ ಮುಚ್ಚಿಬಿಡುತ್ತದೆ: ಒಂದು ಹಾಳು ಸಂದೇಶದಿಂದ ಹಿಂದಿರುವ ಎಲ್ಲ ರಸೀದಿಗಳೂ ನಿಲ್ಲುತ್ತವೆ. ಹಿನ್ನೆಲೆಯ ಕೆಲಸವಾದ್ದರಿಂದ ದೋಷದ ಸುದ್ದಿ ಗುಮಾಸ್ತರ ಪರದೆಗೆ ಬಾರದೆ, ಸರ್ವರಿನ ಎರರ್ ಲಾಗ್‌ನಲ್ಲಿ ತೆಪ್ಪಗೆ ಬಿದ್ದಿರುತ್ತದೆ. ಆದ್ದರಿಂದ ಪ್ರೊಸೀಜರ್ ದೋಷವನ್ನು ತಾನೇ ಹಿಡಿದು, ಅದಕ್ಕೆಂದೇ ಇಟ್ಟ ಟೇಬಲ್ಲಿನಲ್ಲಿ ಬರೆದು, ಸಂದೇಶವನ್ನು ಕ್ಯೂನಿಂದ ತೆಗೆದು ಕಮಿಟ್ ಮಾಡುವುದು ಲೇಸು. ಕೆಲವು ದೋಷಗಳು ಟ್ರಾನ್ಸಾಕ್ಷನ್ನನ್ನೇ ಕೆಡಿಸಿ ಕಮಿಟ್‌ಗೆ ಎಡೆಗೊಡುವುದಿಲ್ಲ. ಅಂಥ ಕಡೆ ಈ ಉಪಾಯವೂ ನಡೆಯದು.

ಕೆಲಸ ಕೊಟ್ಟ ಸೆಷನ್, ಎಂದರೆ ಸರ್ವರಿನೊಡನೆ ಇರುವ ಸಂಪರ್ಕ, ಬೇರೆ, ಮಾಡುವ ಸೆಷನ್ ಬೇರೆ. ಹಾಗಾಗಿ ಮೊದಲಿನದರ ತಾತ್ಕಾಲಿಕ ಟೇಬಲ್‌ಗಳು ಎರಡನೆಯದಕ್ಕೆ ಕಾಣವು. ಬೇಕಾದ ವಿವರವನ್ನೆಲ್ಲ ಸಂದೇಶದಲ್ಲೇ ಕಳುಹಿಸಬೇಕು. ಸರ್ವಿಸ್ ಬ್ರೋಕರ್ ಈ ವಿನಿಮಯವನ್ನು ‘ಸಂಭಾಷಣೆ’ ಎಂದೇ ಕರೆಯುತ್ತದೆ. ಅದನ್ನು ಎರಡೂ ಕಡೆಯವರು ಮುಗಿಸಬೇಕು. ಒಬ್ಬರು ಮರೆತರೂ ಮುಗಿಯದ ಸಂಭಾಷಣೆಗಳ ದಾಖಲೆಗಳು ಡೇಟಾಬೇಸಿನಲ್ಲಿ ದಿನದಿಂದ ದಿನಕ್ಕೆ ಪೇರುತ್ತ ಹೋಗುತ್ತವೆ.